ಜವುಗಿನ ಆಪು
(ಪಾಠ: ಯೋಬ 8:11-13)

ಬಿಲ್ದದನು ಹೇಳಿದ ಆಪು, ಪೂರ್ವದಲ್ಲಿ ನೈಲ್ ನದೀತೀರದಲ್ಲಿ ಹೇರಳವಾಗಿ ಬೆಳೆಯುತ್ತಿದ್ದ ಪಪೈರಸ್ ಎಂಬ ಸಸ್ಯವು. ಇದು ನಮ್ಮ ಹೊಲಗಳನ್ನು ಕೆಡಿಸುವ ಕೊನ್ನಾರಿಯ ಕುಲದ್ದೇ; ಎರಡರ ದಂಟೂ ಮೂರು ಮೂಲೆಯುಳ್ಳದ್ದು. ಆದರೆ ಆಪು 10 ಅಡಿಗಿಂತಲೂ ಎತ್ತರವಾಗಿ ಬೆಳೆದು, ತುದಿಯಲ್ಲಿ ಜುಟ್ಟಿನಂತೆ ಎಳೆಗಳನ್ನು ಹರಡುವದು. ಕೊನ್ನಾರಿಯು ಬೇಸಿಗೆಯಲ್ಲಿ ಗಡ್ಡೆಯಾಗಿ ಮಣ್ಣೊಳಗೆ ಬದುಕಿರುವದನ್ನು ಒಕ್ಕಲಿಗರೆಲ್ಲರೂ ಬಲ್ಲರು. ಆಪಿಗಾದರೋ ನೀರು ತಪ್ಪಿದರೆ, ಯಾರೂ ಕೊಯ್ಯದಿದ್ದರೂ, ಹಸುರಾಗಿದ್ದದ್ದೇ ಒಣಗಿಹೋಗುವದು.

ದೇವರನ್ನು ಮರೆತವನ ಗತಿಯು ಇಂಥದೆಂದು ಬಿಲ್ದದನು ಹೇಳಿದ್ದು ಸುಳ್ಳಲ್ಲ. ಆದರೆ ಮಕ್ಕಳನ್ನು ಕಳಕೊಂಡು ಬೂದಿಯಲ್ಲಿ ಕೂತವನಿಗೆ ಅದನ್ನು ಹೇಳಿದನಲ್ಲಾ! ಸಾವಾದ ಮನೆಯ ಬಾಗಲಲ್ಲಿ ನಿಂತು ಇಂಥ ಸತ್ಯಗಳನ್ನಾಡುವವರು ನಮ್ಮ ಸಭೆಗಳಲ್ಲಿಯೂ ಕಡಿಮೆಯಿಲ್ಲ. ಕಡೆಯಲ್ಲಿ ದೇವರ ಕೋಪವು ಯಾರ ಮೇಲೆ ಉರಿಯಿತು, ಅವರಿಗೋಸ್ಕರ ಪ್ರಾರ್ಥಿಸಿದವನು ಯಾರು ಎಂಬದನ್ನು 42ನೆಯ ಅಧ್ಯಾಯದಲ್ಲಿ ಓದಿ ನೋಡಿರಿ.