ಕೆರೆ ತುಂಬುವ ಕಾಲದಲ್ಲಿ ದೋಣಿ ಮಾಲೀಕರ ಹೊಣೆ

ನಮ್ಮ ರಾಜ್ಯದಲ್ಲಿ ಸಣ್ಣವು ದೊಡ್ಡವು ಸೇರಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಇವು ಅಚ್ಚುಕಟ್ಟಿಗೆ ನೀರುಣಿಸುವುದರ ಜೊತೆಗೆ ಮೀನು ಸಾಕಣೆಗೂ ಒದಗುತ್ತವೆ. ಬಲೆ ಬಿಡಲು, ಆಚೆ ದಡದ ಹೊಲಕ್ಕೆ ಹೋಗಿಬರಲು, ಮೇವಿನ ಹೊರೆ ತರಲು ಅನೇಕ ರೈತರು ಹರಿಗೋಲು, ತೆಪ್ಪ ಅಥವಾ ಸಣ್ಣ ದೋಣಿ ಇಟ್ಟುಕೊಂಡಿರುತ್ತಾರೆ. ಬೇಸಿಗೆಯಲ್ಲಿ ಇವುಗಳ ಬಗ್ಗೆ ಹೆಚ್ಚಿನ ಚಿಂತೆ ಬೇಕಿಲ್ಲ. ಆದರೆ ಕೆರೆ ತುಂಬುವ ಕಾಲದಲ್ಲಿ ನಿಗಾ ಇಲ್ಲದ ಒಂದು ದೋಣಿ ತನ್ನ ಮಾಲೀಕನಿಗೆ ಮಾತ್ರವಲ್ಲ, ಕೆರೆಯ ಏರಿಗೂ ಅದರ ಕೆಳಗಿನ ಗದ್ದೆಗಳಿಗೂ ಅಪಾಯ ತರಬಲ್ಲದು. ಆದ್ದರಿಂದ ದೋಣಿ ಇಟ್ಟುಕೊಂಡವರೆಲ್ಲರೂ ನೀರಿನ ಮಟ್ಟವನ್ನು ತಾವೇ ಅಳೆದು ನೋಡುವುದನ್ನು ರೂಢಿಸಿಕೊಳ್ಳಬೇಕು.

ಕೆರೆ ಎಷ್ಟು ಬೇಗ ಏರುತ್ತದೆ?

ಕೆರೆಯ ನೀರು ಕೆರೆಯ ಮೇಲೆ ಬಿದ್ದ ಮಳೆಯಿಂದ ಮಾತ್ರ ಏರುವುದಿಲ್ಲ. ಸುತ್ತಲಿನ ಜಲಾನಯನ ಪ್ರದೇಶದಿಂದ ಹರಿದು ಬರುವ ನೀರೇ ಮುಖ್ಯ. ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು.

ಒಂದು ಕೆರೆಯ ಜಲಾನಯನ ಪ್ರದೇಶ 500 ಹೆಕ್ಟೇರು, ನೀರು ನಿಂತಿರುವ ವಿಸ್ತೀರ್ಣ 25 ಹೆಕ್ಟೇರು ಎಂದಿಟ್ಟುಕೊಳ್ಳೋಣ. ಅಲ್ಲಿ 50 ಮಿ.ಮೀ. ಮಳೆ ಬಿದ್ದರೆ ಜಲಾನಯನದ ಮೇಲೆ ಬಿದ್ದ ಒಟ್ಟು ನೀರು 2,50,000 ಘನ ಮೀಟರ್. ಇದರಲ್ಲಿ ನೂರಕ್ಕೆ 30 ಭಾಗ ಹರಿದು ಕೆರೆ ಸೇರಿದರೆ 75,000 ಘನ ಮೀಟರ್ ಆಗುತ್ತದೆ. ಅಂದರೆ ಕೆರೆ 30 ಸೆಂ.ಮೀ., ಸುಮಾರು ಒಂದು ಅಡಿ ಏರುತ್ತದೆ.

ಭೂಮಿ ಒಣಗಿರುವ ಜೂನ್ ತಿಂಗಳಲ್ಲಿ ನೂರಕ್ಕೆ 10 ಭಾಗ ಮಾತ್ರ ಹರಿದು ಬಂದರೆ ಅದೇ ಮಳೆಗೆ ಕೆರೆ ಏರುವುದು 10 ಸೆಂ.ಮೀ. ಮಾತ್ರ. ಸೆಪ್ಟೆಂಬರ್ ಅಕ್ಟೋಬರ್ ವೇಳೆಗೆ ನೆಲ ನೆನೆದು ನೀರು ಹೀರುವ ಶಕ್ತಿ ಕುಂದಿರುತ್ತದೆ. ಆಗ ನೂರಕ್ಕೆ 50 ಭಾಗ ಹರಿದರೆ 50 ಸೆಂ.ಮೀ. ಏರುತ್ತದೆ. "ಮುಂಗಾರಿನಲ್ಲಿ ಇಷ್ಟೇ ಮಳೆ ಬಂದಿತ್ತು, ಏನೂ ಆಗಲಿಲ್ಲ" ಎಂದು ಹಿಂಗಾರಿನಲ್ಲಿ ಸುಮ್ಮನಿರುವುದು ಇದೇ ಕಾರಣಕ್ಕೆ ತಪ್ಪು.

ಎಲ್ಲ ಕೆರೆಗಳೂ ಒಂದೇ ರೀತಿ ಏರುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಜಲಾನಯನವು ನೀರಿನ ವಿಸ್ತೀರ್ಣದ 20 ಪಟ್ಟು ಇದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಲ್ಲಿ, ಅಂದರೆ ಶಾಂತಿಸಾಗರದಲ್ಲಿ, ಇದು ಸುಮಾರು 12 ಪಟ್ಟು. ಅಲ್ಲಿಯೂ ನೂರಕ್ಕೆ 30 ಭಾಗ ಹರಿದರೆ 50 ಮಿ.ಮೀ. ಮಳೆಗೆ ಏರಿಕೆ 18 ಸೆಂ.ಮೀ. ಆಗುತ್ತದೆ. ಚಿಕ್ಕ ಕೆರೆಗೆ ದೊಡ್ಡ ಜಲಾನಯನವಿದ್ದಲ್ಲಿ ನೀರು ಬೇಗ ಏರುತ್ತದೆ. ನಿಮ್ಮ ಕೆರೆ ಯಾವ ಬಗೆಯದೆಂದು ಮೊದಲು ತಿಳಿದುಕೊಳ್ಳಿ.

ಇನ್ನೊಂದು ಅಂಶವಿದೆ. ನಮ್ಮ ಮೈದಾನ ಸೀಮೆಯ ಕೆರೆಗಳು ಸರಪಳಿಯಂತಿವೆ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಬರುತ್ತದೆ. ಒಂದು ಲಕ್ಷ ಘನ ಮೀಟರ್ ನೀರಿದ್ದ ಮೇಲಿನ ಕೆರೆ ಒಡೆದರೆ 25 ಹೆಕ್ಟೇರಿನ ಕೆಳಗಿನ ಕೆರೆ ಸ್ವಂತ ಮಳೆಯಿಲ್ಲದೆಯೇ 40 ಸೆಂ.ಮೀ. ಏರುತ್ತದೆ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರ ಜಿಲ್ಲೆಯಲ್ಲಿ ಭಾರಿ ಮಳೆಗೆ ಕೆರೆಗಳು ತುಂಬಿ ಹರಿದು, ಒಡೆದು, ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೂ ನೀರು ನಿಂತಿದ್ದನ್ನು ನಾವು ಕಂಡಿದ್ದೇವೆ.

ದೋಣಿ ತಪ್ಪಿಸಿಕೊಳ್ಳುವುದು ಹೇಗೆ?

ಕೆರೆಯ ಒಳ ಅಂಗಳ ಬಹಳ ಕಡೆ ಚಪ್ಪಟೆಯಾಗಿರುತ್ತದೆ. 100 ಮೀಟರಿಗೆ 1 ಮೀಟರ್ ಇಳಿಜಾರು ಇರುವಲ್ಲಿ ನೀರು 30 ಸೆಂ.ಮೀ. ಏರಿದರೆ ಅದರ ಅಂಚು 30 ಮೀಟರ್ ಮುಂದೆ ಬರುತ್ತದೆ. ಸಂಜೆ ಅಂಚಿನಿಂದ 10 ಮೀಟರ್ ಮೇಲಕ್ಕೆ ಎಳೆದಿಟ್ಟು, "ದಡದ ಮೇಲಿದೆ" ಎಂದು ನಂಬಿ ಮನೆಗೆ ಹೋದ ದೋಣಿ ಬೆಳಗಾಗುವುದರೊಳಗೆ ತೇಲಿ ಹೋಗಿರುತ್ತದೆ.

ಗಿಡ್ಡ ಹಗ್ಗದಿಂದ ತಗ್ಗಿನ ಗೂಟಕ್ಕೆ ಕಟ್ಟಿದರೆ ನೀರು ಏರಿದಂತೆ ಹಗ್ಗ ಬಿಗಿದು ದೋಣಿಯ ಮೂತಿಯನ್ನು ಕೆಳಕ್ಕೆ ಎಳೆಯುತ್ತದೆ. ಆಗ ದೋಣಿಗೆ ನೀರು ನುಗ್ಗುತ್ತದೆ, ಇಲ್ಲವೇ ಗೂಟವೇ ಕಿತ್ತು ಬರುತ್ತದೆ. ಮಳೆಯ ನೀರನ್ನೂ ಮರೆಯಬಾರದು. ಒಂದು ಚದರ ಮೀಟರಿಗೆ ಬಿದ್ದ 1 ಮಿ.ಮೀ. ಮಳೆ ಎಂದರೆ 1 ಲೀಟರ್ ನೀರು. 4 ಚದರ ಮೀಟರ್ ಬಾಯಿಯ ದೋಣಿಯಲ್ಲಿ 100 ಮಿ.ಮೀ. ಮಳೆಗೆ 400 ಲೀಟರ್ ನಿಲ್ಲುತ್ತದೆ. ಇದು ಆರು ಮಂದಿಯ ತೂಕಕ್ಕೆ ಸಮ.

ಕೋಡಿಗೆ ಅಡ್ಡ ಬಂದರೆ

ಕಟ್ಟು ಬಿಟ್ಟ ದೋಣಿ ಗಾಳಿಗೆ ಅಲೆದು ಕೊನೆಗೆ ನೀರಿನ ಸೆಳೆತ ಇರುವ ಕೋಡಿಗೆ ಬಂದು ಸಿಕ್ಕಿಕೊಳ್ಳುವ ಸಂಭವ ಹೆಚ್ಚು. ಅದರ ಹಿಂದೆ ಜೊಂಡು, ಅಂತರಗಂಗೆ, ಮರದ ಕೊಂಬೆಗಳು ಸೇರಿ ಒಡ್ಡು ಕಟ್ಟಿದಂತಾಗುತ್ತದೆ. ಮೀನು ಹೊರಹೋಗದಂತೆ ಕೋಡಿಗೆ ಕಟ್ಟುವ ಬಲೆ, ತಡಿಕೆಗಳಿಂದಲೂ ಇದೇ ತೊಂದರೆ.

ಕೋಡಿಯ ಮೇಲೆ ಒಂದು ಅಡಿ ನೀರು ಹರಿಯುತ್ತಿದೆ ಎನ್ನಿ. ಕೋಡಿಯ ಅರ್ಧ ಉದ್ದ ಮುಚ್ಚಿಹೋದರೆ, ಅಷ್ಟೇ ನೀರು ಹೊರಹೋಗಲು ಅದು ಸುಮಾರು ಒಂದು ಅಡಿ ಏಳು ಅಂಗುಲ ಎತ್ತರಕ್ಕೆ ಏರಬೇಕಾಗುತ್ತದೆ. ಈ ಹೆಚ್ಚಿನ ಏಳು ಅಂಗುಲ ಇಡೀ ಕೆರೆಯಲ್ಲಿ ಏರುತ್ತದೆ. ಏರಿಯಲ್ಲಿ ಎಲ್ಲಾದರೂ ತಗ್ಗು ಇದ್ದರೆ ನೀರು ಅಲ್ಲಿ ಉಕ್ಕುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹರಿಯಲು ಶುರುವಾದರೆ ಅದು ಕೊರೆದು ಒಡೆಯಲು ಹೆಚ್ಚು ಹೊತ್ತು ಬೇಕಿಲ್ಲ. ಒಡೆದ ಕೆರೆಯ ಕೆಳಗಿನ ಗದ್ದೆಯಲ್ಲಿ ಆ ವರ್ಷದ ಬೆಳೆ ಹೋಗುವುದಲ್ಲದೆ, ಮರಳು ತುಂಬಿ ಮುಂದಿನ ಬೆಳೆಗೂ ಅಡ್ಡಿಯಾಗುತ್ತದೆ.

ಅಳತೆ ಕೋಲು ನೆಡುವುದು

1. ನೇರವಾದ ಬಿದಿರು ಅಥವಾ ಕಲ್ಲು ಕಂಬದ ಮೇಲೆ 10 ಸೆಂ.ಮೀ.ಗೆ ಒಂದರಂತೆ ಬಣ್ಣದ ಗೆರೆ ಎಳೆಯಿರಿ. ದಡದಿಂದ ಕಾಣುವಂತೆ, ಸೆಳೆತವಿಲ್ಲದ ಕಡೆ ಬೇಸಿಗೆಯಲ್ಲಿಯೇ ಭದ್ರವಾಗಿ ನೆಡಿ.

2. ಕೋಡಿಯ ಮಟ್ಟಕ್ಕೆ ಸರಿಯಾಗಿ ಕೆಂಪು ಗೆರೆ ಹಾಕಿ. ಕೆರೆ ತುಂಬಿ ಕೋಡಿ ಬೀಳುವ ಕ್ಷಣದಲ್ಲಿ ನೀರು ಮುಟ್ಟಿದ ಜಾಗವೇ ಈ ಗೆರೆಯ ಸರಿಯಾದ ಸ್ಥಾನ.

3. ಮಳೆಗಾಲದಲ್ಲಿ ಬೆಳಿಗ್ಗೆ ಮತ್ತು ಸಂಜೆ ಮಟ್ಟ ನೋಡಿ ಪುಸ್ತಕದಲ್ಲಿ ಬರೆಯಿರಿ. ಜೋರು ಮಳೆ ಬಂದಾಗ ಗಂಟೆಗೊಮ್ಮೆ ನೋಡಿ.

4. ಏರುವ ವೇಗವನ್ನು ಲೆಕ್ಕ ಹಾಕಿ. ಸಂಜೆ 4ಕ್ಕೆ ಕೋಡಿಗಿಂತ 70 ಸೆಂ.ಮೀ. ಕೆಳಗಿದ್ದ ನೀರು 5ಕ್ಕೆ 60 ಸೆಂ.ಮೀ. ಕೆಳಗಿದ್ದರೆ, ಗಂಟೆಗೆ 10 ಸೆಂ.ಮೀ. ಏರುತ್ತಿದೆ ಎಂದಾಯಿತು. ಇದೇ ವೇಗದಲ್ಲಿ ರಾತ್ರಿ 11ಕ್ಕೆ ಕೋಡಿ ಬೀಳುತ್ತದೆ. ದೋಣಿ ಎಳೆಯಬೇಕಾದದ್ದು ಬೆಳಕಿರುವಾಗ, ರಾತ್ರಿ 11ಕ್ಕಲ್ಲ.

ನೇರ ಗೋಡೆಯ ಡಬ್ಬವೊಂದನ್ನು ಬಯಲಿನಲ್ಲಿಟ್ಟು ನಿಂತ ನೀರನ್ನು ಅಳೆದರೆ ಮಳೆಯ ಪ್ರಮಾಣವೂ ತಿಳಿಯುತ್ತದೆ. ಮೇಲಿನ ಕೆರೆಯ ಊರಿನವರೊಡನೆ ಫೋನಿನ ಸಂಪರ್ಕ ಇಟ್ಟುಕೊಳ್ಳಿ. ನಮ್ಮಲ್ಲಿ ಬಿಸಿಲಿದ್ದರೂ ಅಲ್ಲಿ ಮಳೆಯಾಗಿರಬಹುದು.

ಯಾವ ಮಟ್ಟದಲ್ಲಿ ಏನು ಮಾಡಬೇಕು?

ಕೋಡಿಗಿಂತ 60 ಸೆಂ.ಮೀ. ಕೆಳಗೆ: ದೋಣಿಯಲ್ಲಿ ನಿಂತ ಮಳೆ ನೀರನ್ನು ಹೊರಚೆಲ್ಲಿ. ಬಲೆ, ಹುಟ್ಟುಗಳನ್ನು ಮನೆಗೆ ಸಾಗಿಸಿ. ಕೋಡಿಯ ಬಳಿ ಸೇರಿದ ಜೊಂಡನ್ನು ತೆಗೆಯಲು ಇದೇ ಸಮಯ. ಬಲೆ ತಡಿಕೆಗಳನ್ನೂ ಆಗಲೇ ಬಿಚ್ಚಿ.

ಕೋಡಿಗಿಂತ 30 ಸೆಂ.ಮೀ. ಕೆಳಗೆ: ಜನರನ್ನು ದಾಟಿಸುವುದನ್ನು ನಿಲ್ಲಿಸಿ. ದೋಣಿಯನ್ನು ಕೋಡಿ ಮಟ್ಟಕ್ಕಿಂತ ಕನಿಷ್ಠ ಒಂದು ಮೀಟರ್ ಎತ್ತರದ ನೆಲಕ್ಕೆ ಸಾಗಿಸಿ, ಬೋರಲು ಹಾಕಿ, ಗಟ್ಟಿ ಮರಕ್ಕೆ ಎರಡು ಹಗ್ಗಗಳಿಂದ ಕಟ್ಟಿ. ತೂಬಿನ ಕಲ್ಲಿಗಾಗಲಿ, ಏರಿಯ ಮೇಲಿನ ಗಿಡಕ್ಕಾಗಲಿ ಕಟ್ಟಬೇಡಿ. ಸಾಗಿಸಲು ಸಾಧ್ಯವಾಗದ ದೋಣಿಗೆ, ನೀರು ಎಷ್ಟು ಏರಬಹುದೋ ಅದರ ಮೂರು ಪಟ್ಟು ಸಡಿಲ ಹಗ್ಗ ಬಿಟ್ಟು ಎತ್ತರದಲ್ಲಿ ಕಟ್ಟಿ.

ಕೋಡಿ ಬಿದ್ದ ಮೇಲೆ: ಯಾರೂ ನೀರಿಗೆ ಇಳಿಯಬಾರದು. ತಪ್ಪಿಸಿಕೊಂಡ ದೋಣಿಯನ್ನು ಹಿಡಿಯಲು ಕೋಡಿಯ ಕಡೆಗೆ ಈಜುವುದು ಪ್ರಾಣಕ್ಕೆ ಅಪಾಯ. ದೋಣಿ ಕಾಣೆಯಾದರೆ ಮುಚ್ಚಿಡದೆ ನೀರುಗಂಟಿಗೆ ಮತ್ತು ಗ್ರಾಮ ಪಂಚಾಯಿತಿಗೆ ತಕ್ಷಣ ತಿಳಿಸಿ. ಸಾಮಾನ್ಯವಾಗಿ 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ ಸೇರಿರುತ್ತವೆ. ಅಂಥಲ್ಲಿ ಆ ಇಲಾಖೆಯ ಎಂಜಿನಿಯರಿಗೂ ತಿಳಿಸಬೇಕು. ಏರಿಯ ಬುಡದಲ್ಲಿ ಕದಡಿದ ನೀರು ಜಿನುಗುವುದು ಕಂಡರೆ ಕೆಳಗಿನ ಮನೆಗಳವರನ್ನು ಎಬ್ಬಿಸಿ, 112ಕ್ಕೆ ಕರೆ ಮಾಡಿ. ನಿಮ್ಮಷ್ಟಕ್ಕೆ ನೀವೇ ಏರಿ ಅಥವಾ ಕೋಡಿಯನ್ನು ಕಡಿಯಬೇಡಿ.

ರೈತ ಬಾಂಧವರೇ, ದೋಣಿ ಒಬ್ಬರದಾದರೂ ಕೆರೆ ಊರಿನದು. ನೀರುಗಂಟಿಯೊಬ್ಬನೇ ಇಡೀ ಕೆರೆಯನ್ನು ಕಾಯಲಾರ. ದಿನವೂ ನೀರಿನ ಮೇಲಿರುವ ನೀವು ಅವನಿಗಿಂತ ಮೊದಲೇ ಬದಲಾವಣೆಯನ್ನು ಕಾಣಬಲ್ಲಿರಿ. ಒಂದು ಬಿದಿರ ಕೋಲು, ಒಂದು ಪುಸ್ತಕ, ಸಾಕಷ್ಟು ಉದ್ದದ ಹಗ್ಗ ಇವಿಷ್ಟಕ್ಕೆ ಖರ್ಚು ಅಲ್ಪ. ಈ ಹಿಂಗಾರಿಗೆ ಮುನ್ನವೇ ನಿಮ್ಮ ಕೆರೆಯಲ್ಲಿ ಕೋಲು ನೆಟ್ಟು, ಮೊದಲ ಮಟ್ಟವನ್ನು ಬರೆದಿಡಿ.