ಆಂಪ್‌ನ ದೀಪವೇ ಹೊತ್ತದಿದ್ದರೆ…

ಕಾರಿನ ಕಂಪನಿ ಸ್ಟೀರಿಯೊಗೆ ಹೊಸದಾಗಿ ಸೇರಿಸಿದ ಆಂಪ್ಲಿಫೈಯರ್‌ನ ದೀಪ ಹೊತ್ತುತ್ತಿಲ್ಲ, ಸಬ್‌ವೂಫರ್ ಬದಲಿಸಲೇ ಎಂದು ಕೇಳಿದ್ದೀರಿ. ಅವಸರ ಬೇಡ, ಮಲ್ಟಿಮೀಟರ್ ಹಿಡಿಯಿರಿ. ಮೊದಲು ಬ್ಯಾಟರಿ ಪಕ್ಕದ ಫ್ಯೂಸ್ ನೋಡಿ. ಆಂಪ್‌ನ ಪವರ್ ಮತ್ತು ಗ್ರೌಂಡ್ ನಡುವೆ 12 ವೋಲ್ಟ್‌ಗಿಂತ ತುಸು ಹೆಚ್ಚು ಸಿಗಬೇಕು. ಸಿಕ್ಕರೆ, ಸ್ಟೀರಿಯೊ ಹಾಕಿ, ಆಂಪ್ ಆನ್ ಆಗಲು ಸೂಚನೆ ಕೊಡುವ ರಿಮೋಟ್ ತುದಿ ಮತ್ತು ಗ್ರೌಂಡ್ ನಡುವೆ ಅಳೆಯಿರಿ. ಅಲ್ಲೂ ಸುಮಾರು 12 ಇರಬೇಕು. ಕಂಪನಿ ಸ್ಟೀರಿಯೊಗಳಲ್ಲಿ ಈ ರಿಮೋಟ್ ತಂತಿ ಎಷ್ಟೋ ಸಲ ಇರುವುದೇ ಇಲ್ಲ. ಆಗ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಫ್ಯೂಸ್‌ನಿಂದ ಸಂಪರ್ಕ ಕೊಡಿ. ಗ್ರೌಂಡ್ ತಂತಿ ಗಿಡ್ಡವಾಗಿರಲಿ. ಬಣ್ಣ ಕೆರೆದ ಬರಿ ಲೋಹಕ್ಕೇ ಬಿಗಿಯಿರಿ. ದೀಪ ಹೊತ್ತಿಯೂ ಸದ್ದಿಲ್ಲದಿದ್ದರೆ ಸ್ಪೀಕರ್ ತಂತಿಯಿಂದ ಸಿಗ್ನಲ್ ತರುವ ಕನ್ವರ್ಟರ್ ಪರೀಕ್ಷಿಸಿ. ಯಾವ ತಂತಿ ಬಿಚ್ಚುವ ಮುನ್ನವೂ ಬ್ಯಾಟರಿಯ ನೆಗೆಟಿವ್ ಕಳಚಿ.