ಓಟ, ಬಿಸಿಲು, ಕಾಲುವೆ

ಪ್ರಶ್ನೆ: ನನ್ನ ವಯಸ್ಸು 22, ಊರು ಜವಳಗೇರಾ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ದಿನಾ ನಸುಕಿನಲ್ಲಿ ಸಿಂಧನೂರು ರಸ್ತೆ ಹಿಡಿದು ಓಡುತ್ತೇನೆ. ಈಗ ಎರಡೂ ಕಣಕಾಲು ನೋಯುತ್ತಿವೆ. ನೋವಿನ ಗುಳಿಗೆ ನುಂಗಿ ಓಡಬಹುದೇ?

ಉತ್ತರ: ಬೇಡ. ಮೈಯಲ್ಲಿ ನೀರು ಕಡಿಮೆಯಾದಾಗ ಅಂಥ ಗುಳಿಗೆ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ನೋವು ಮರೆಯಾಗುವುದರಿಂದ ಗಾಯವೂ ಬೆಳೆಯುತ್ತದೆ. ಕಣಕಾಲಿನ ಒಳಬದಿಯನ್ನು ಬೆರಳಿನಿಂದ ಒತ್ತಿ ನೋಡಿ. ಅಂಗೈಯಗಲ ನೋವಿದ್ದು, ಮೈ ಬಿಸಿಯಾದ ಮೇಲೆ ಕಡಿಮೆಯಾದರೆ ಅದು ಡಾಂಬರಿನ ಮೇಲೆ ಅತಿಯಾಗಿ ಓಡಿದ ಫಲ. ಎರಡು ವಾರ ಓಟ ಬಿಟ್ಟು ಸೈಕಲ್ ತುಳಿಯಿರಿ. ಆದರೆ ಒಂದೇ ಚುಕ್ಕೆಯಲ್ಲಿ ನೋವು, ಒಂಟಿಕಾಲಲ್ಲಿ ಜಿಗಿದರೆ ಜೀವ ಹೋದಂತಾಗುವುದು, ರಾತ್ರಿ ಮಲಗಿದಾಗಲೂ ನೋಯುವುದು ಎಲುಬಿನ ಕೂದಲೆಳೆ ಬಿರುಕಿನ ಲಕ್ಷಣ. ಶುರುವಿನ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಇರಬಹುದು. ಮೂಳೆ ವೈದ್ಯರನ್ನು ಕಾಣುವವರೆಗೆ ಓಡಬೇಡಿ.

ಮತ್ತೆ ಶುರುಮಾಡುವಾಗ ಮಣ್ಣಿನ ಮೈದಾನ ಆರಿಸಿಕೊಳ್ಳಿ. ದಿನವೂ ಪೂರ್ತಿ ದೂರ ಓಡಬೇಕಿಲ್ಲ. 400 ಮೀಟರನ್ನು 97 ಸೆಕೆಂಡಿನಲ್ಲಿ ಮುಗಿಸಿ, ಎರಡು ನಿಮಿಷ ನಡೆದು, ಮತ್ತೆ ಓಡಿ. ಹೀಗೆ ನಾಲ್ಕು ಸುತ್ತು, ವಾರಕ್ಕೆರಡು ದಿನ ಸಾಕು. ನಡುನಡುವೆ ನಿಧಾನದ ಓಟ, ಒಂದು ದಿನ ಪೂರ್ತಿ ವಿಶ್ರಾಂತಿ ಇರಲಿ.

ಪ್ರಶ್ನೆ: ಕೆಲಸಕ್ಕೆಂದು ಬೆಂಗಳೂರಿನಲ್ಲಿದ್ದೇನೆ, ವಯಸ್ಸು 34. ಕಬ್ಬನ್ ಪಾರ್ಕಿನಲ್ಲಿ 10 ಕಿಲೋಮೀಟರ್ ಸಲೀಸಾಗಿ ಓಡುತ್ತೇನೆ, ರಜೆ ಸಿಕ್ಕರೆ ಸಾವನದುರ್ಗ ಹತ್ತುತ್ತೇನೆ. ಕಳೆದ ಯುಗಾದಿಗೆ ಊರಿಗೆ ಬಂದಾಗ ಬೆಳಗ್ಗೆ ಎಂಟಕ್ಕೆ ಓಡಲು ಹೋಗಿ, ಅರ್ಧ ದಾರಿಯಲ್ಲೇ ತಲೆ ಸುತ್ತಿ ವಾಂತಿಯಾಯಿತು. ಹೃದಯದ ತೊಂದರೆಯೇ?

ಉತ್ತರ: ನೀವು ಬರೆದದ್ದನ್ನು ನೋಡಿದರೆ ಬಿಸಿಲಿನ ಬಳಲಿಕೆ ಅನ್ನಿಸುತ್ತದೆ. ಆದರೂ ಎದೆ ಬಿಗಿತ, ಓಡುವಾಗ ಎಚ್ಚರ ತಪ್ಪುವುದು, ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಇವುಗಳಲ್ಲಿ ಒಂದಿದ್ದರೂ ಇಸಿಜಿ ಮಾಡಿಸಿ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ತಂಪು ಊರು. ನಿಮ್ಮ ಊರಿರುವ ರಾಯಚೂರು ಸೀಮೆ ಅದರ ಅರ್ಧಕ್ಕಿಂತ ತಗ್ಗಿನಲ್ಲಿದೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಜೊತೆಗೆ ಬೇಸಿಗೆ ಬೆಳೆಯ ಭತ್ತದ ಗದ್ದೆಗಳಲ್ಲಿ ನೀರು ನಿಂತಿದ್ದರೆ ಗಾಳಿಯಲ್ಲೂ ತೇವ ಹೆಚ್ಚು. ಬೆವರು ಹರಿಯುತ್ತದೆ, ಆರುವುದಿಲ್ಲ. ಆರದ ಬೆವರಿನಿಂದ ಮೈ ತಣಿಯುವುದೂ ಇಲ್ಲ.

ಸೆಕೆಗೆ ಮೈ ಒಗ್ಗಲು 10ರಿಂದ 14 ದಿನ ಬೇಕು. ಅಷ್ಟರಲ್ಲಿ ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪಿನಂಶ ತಗ್ಗುತ್ತದೆ, ರಕ್ತದ ದ್ರವಾಂಶ ಏರುತ್ತದೆ. ಊರಲ್ಲೇ ಹುಟ್ಟಿ ಬೆಳೆದವರೆಂಬ ಕಾರಣಕ್ಕೆ ರಿಯಾಯಿತಿಯಿಲ್ಲ, ಕೆಲವೇ ವಾರ ದೂರವಿದ್ದರೆ ಗಳಿಸಿದ್ದು ಕರಗುತ್ತದೆ. ಹಾಗಾಗಿ ನಾಲ್ಕು ದಿನದ ರಜೆಯಲ್ಲಿ ದಾಖಲೆ ಮುರಿಯಲು ಹೋಗದೆ, ಸೂರ್ಯ ಹುಟ್ಟುವ ಹೊತ್ತಿಗೆ ಅರ್ಧ ಗಂಟೆ ನಿಧಾನವಾಗಿ ಓಡಿ. ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಇಲ್ಲವೇ ಓಆರ್‌ಎಸ್ ಕುಡಿಯಿರಿ. ಜೊತೆಗಾರ ತೊದಲಿದರೆ, ಎಲ್ಲಿದ್ದೇನೆಂಬುದೇ ತಿಳಿಯದಂತಾದರೆ ಅದು ಬಿಸಿಲಾಘಾತ. ನೆರಳಿಗೆ ಎಳೆದು ಮೈಮೇಲೆ ನೀರು ಸುರಿಯುತ್ತಾ ಗಾಳಿ ಬೀಸಿ, 108ಕ್ಕೆ ಕರೆ ಮಾಡಿ.

ಪ್ರಶ್ನೆ: ಶಾಲೆಗೆ ರಜೆ ಬಂತೆಂದರೆ 13 ವರ್ಷದ ನನ್ನ ಮಗ ಕ್ರಿಕೆಟ್ ಮುಗಿಸಿ ನೇರ ಕಾಲುವೆಗೆ ಹಾರುತ್ತಾನೆ. ಈಜು ಚೆನ್ನಾಗಿ ಬರುತ್ತದೆ. ಬಿಡಬಹುದೇ?

ಉತ್ತರ: ಕ್ರಿಕೆಟ್ಟಿಗೆ ಬಿಡಿ, ಕಾಲುವೆಗೆ ಬೇಡ ತಾಯಿ. ಈಜು ಬಂದರೂ ಹರಿವ ಕಾಲುವೆಯಿಂದ ಮೇಲೆ ಹತ್ತುವುದು ಕಷ್ಟ: ಸಿಮೆಂಟಿನ ಇಳಿಜಾರು ಪಾಚಿಗಟ್ಟಿರುತ್ತದೆ, ಹಿಡಿಯಲು ಏನೂ ಸಿಗುವುದಿಲ್ಲ, ಸೆಳವು ತೂಬಿನ ಕಡೆಗೆ ಒಯ್ಯುತ್ತದೆ. ಆಟವಾಡಿ ದಣಿದ ಕಾಲುಗಳಿಗೆ ಸ್ನಾಯು ಸೆಳೆತ ಹಿಡಿದರಂತೂ ಈಜುಗಾರನೂ ಮುಳುಗುತ್ತಾನೆ.

ಯಾರಾದರೂ ಬಿದ್ದರೆ ಹಿಂದೆಯೇ ಹಾರಬಾರದು ಎಂದು ಮಗನಿಗೆ ಕಲಿಸಿ. ಹಗ್ಗ, ಸೀರೆ, ಉದ್ದನೆಯ ಕೋಲು, ಟ್ಯೂಬು, ಯಾವುದು ಕೈಗೆ ಸಿಕ್ಕರೆ ಅದನ್ನು ಚಾಚಬೇಕು, ಕೂಗಿ ದೊಡ್ಡವರನ್ನು ಕರೆಯಬೇಕು. ಮೇಲೆ ತಂದವರನ್ನು ತಲೆಕೆಳಗು ಮಾಡುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ತಪ್ಪು. ಉಸಿರಿಲ್ಲದಿದ್ದರೆ ತಕ್ಷಣ ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಕೊಟ್ಟು, ನಂತರ ಎದೆಯ ನಡುವೆ 30 ಸಲ ಒತ್ತಿ, ಎರಡು ಉಸಿರು ಕೊಡಿ. ಆಂಬುಲೆನ್ಸ್ ಬರುವತನಕ ಹೀಗೇ ಮುಂದುವರಿಸಿ. ಇದನ್ನು ಕಲಿಸಲು ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನು ಶಾಲೆಗೆ ಕರೆಸುವಂತೆ ಮುಖ್ಯೋಪಾಧ್ಯಾಯರನ್ನು ಕೇಳಿ.